ಚಂದ್ರಿಕೆಗೆ ಎರಡು ಕೋಟು

ಮೂರು ತಿಂಗಳು ಪ್ಲಾಸ್ಟಿಕ್ಕು ಮರಕ್ಕೆ ಕೂರಲಿಲ್ಲ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಕಿತ್ತುಬಂದ ತುಂಡುಗಳು ಇನ್ನೂ ನನ್ನ ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಗೋಣಿಚೀಲದ ತುಂಬ ಇವೆ. ಉಳಿದದ್ದು ಕೆಲವು ನೋಟ್‌ಬುಕ್ಕಿನಿಂದ, ಕೆಲವು ನೆನಪಿನಿಂದ. ಈ ಘಟನೆ ನಡೆದ ದಿನವೇ ಎರಡು ಮೂರು ಜನರ ಮುಂದೆ ನಾನೊಂದು ಸುಳ್ಳು ಹೇಳಿದ್ದೆ. ಸುಳ್ಳೆಂದು ಆಗ ಗೊತ್ತಿರಲಿಲ್ಲ.

ಮಾಲೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಪ್ರೆಸ್ಸಿನಲ್ಲಿ ಒತ್ತಿ, ಬಾಗಿದ ಕುರ್ಚಿ, ಮಂಚದ ತಲೆಹಲಗೆ ಮಾಡುತ್ತೇವೆ. ನಾವು ಅಂದರೆ ನಾನು ಮತ್ತು ಮೇಸ್ತ್ರಿ. ಅವರು ತಾಯಲೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನನ್ನ ಜೊತೆ ಕನ್ನಡ, ಮೆಷಿನ್ನುಗಳ ಜೊತೆ ತೆಲುಗು. ನಾನು ತ್ರೀಡಿ ಪ್ರಿಂಟರ್ ತಂದ ದಿನ, ಬಿಸಿ ಪ್ಲಾಸ್ಟಿಕ್ಕು ಎಳೆಯಾಗಿ ಇಳಿದು ಪದರದ ಮೇಲೆ ಪದರ ಕಟ್ಟುವುದನ್ನು ನೋಡಿ ಅದಕ್ಕೆ ಶಾವಿಗೆ ಒರಳು ಎಂದು ಹೆಸರಿಟ್ಟರು. ಅದೇ ಹೆಸರು ಉಳಿಯಿತು.

ಹುತ್ತೂರು ಹತ್ತಿರದ ಹಳ್ಳಿಯಿಂದ ಒಬ್ಬ ಹೆಂಗಸು ಬಂದಿದ್ದು ಆಗಲೇ. ಅವರ ಮನೆಯಲ್ಲಿ ಗಂಡ ಫ್ಯಾಕ್ಟರಿಗೆ ಹೋಗುತ್ತಾರೆ, ರೇಷ್ಮೆ ಹುಳು ಪೂರಾ ಇವರದ್ದೇ ಜವಾಬ್ದಾರಿ. ಕೈಯಲ್ಲಿ ಹರಿದು ಜೋತುಬಿದ್ದ ರಟ್ಟಿನ ಚೌಕಟ್ಟೊಂದಿತ್ತು, ತುಂಬ ಸಣ್ಣ ಸಣ್ಣ ಮನೆಗಳು.

"ಮೇಡಂ, ಇದನ್ನ ಮರದಲ್ಲಿ ಮಾಡ್ಕೊಡಕ್ಕಾಗುತ್ತಾ?"

ರೇಷ್ಮೆ ಹುಳು ಹಣ್ಣಾದ ಮೇಲೆ ಸೊಪ್ಪು ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ಜಾಗವೇ ಚಂದ್ರಿಕೆ. ಹಿಂದೆ ಬಿದಿರಿನ ದುಂಡನೆಯ ಚಂದ್ರಿಕೆ ಒಂದೇ ಇತ್ತು. ಈಗ ಕೆಲವರು ಸೂರಿಗೆ ತೂಗುಹಾಕುವ ರಟ್ಟಿನ ಚೌಕಟ್ಟು ಬಳಸುತ್ತಾರೆ. ಹುಳುಗಳು ಮೇಲಕ್ಕೆ ಹತ್ತಿದಂತೆ ಭಾರಕ್ಕೆ ಅದು ತಾನೇ ತಿರುಗುತ್ತದೆ, ಮನೆಗೊಂದು ಹುಳು ಸೇರಿಕೊಳ್ಳುತ್ತದೆ. ತೊಂದರೆ ಒಂದೇ. ನೂಲು ಬಿಡುವ ಮೊದಲು ಹುಳು ಮೈಯಲ್ಲಿರುವ ನೀರನ್ನೆಲ್ಲ ಹೊರಗೆ ಹಾಕುತ್ತದೆ. ರಟ್ಟು ಅದನ್ನು ಕುಡಿದು ಕೊಳೆಯುತ್ತದೆ. ಪ್ಲಾಸ್ಟಿಕ್ಕು ಕುಡಿಯುವುದೇ ಇಲ್ಲ, ಗೂಡಿಗೆ ಕಲೆ ಬೀಳುತ್ತದೆ.

"ಕುಡೀಬೇಕು, ಆದ್ರೆ ಕರಗಬಾರದು. ಅಂಥದ್ದಿದ್ಯಾ ನಿಮ್ಮತ್ರ?" ಎಂದರು.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಕುಡಿಯುವುದಕ್ಕೆ ಮರ, ನಿಲ್ಲುವುದಕ್ಕೆ ಪ್ಲಾಸ್ಟಿಕ್ಕು. ಅವರು ಹೊರಡುವಾಗ, "ನಮ್ಮ ಮರ ಬಾಳಿಕೆ ಬರುತ್ತೆ ಅಕ್ಕ, ಗೆದ್ದಲೂ ಮುಟ್ಟಲ್ಲ" ಎಂದು ಹೆಮ್ಮೆಯಿಂದ ಹೇಳಿದ್ದು ಚೆನ್ನಾಗಿ ನೆನಪಿದೆ. ಶ್ರೀನಿವಾಸಪುರದ ಒಂದು ಮನೆಗೆ ಕೊಟ್ಟ ಮಂಚವನ್ನು ವರ್ಷದೊಳಗೆ ಗೆದ್ದಲು ತಿಂದು, ಆ ಮನೆಯವರು ನೆಂಟರೆದುರು ನನ್ನನ್ನು ನಿಲ್ಲಿಸಿ ಕೇಳಿದ ಮೇಲೆ ಕಟ್ಟಿಕೊಂಡ ಹೆಮ್ಮೆ ಅದು.

ಮೊದಲು ಮರದ ಹಾಳೆಯ ಮೇಲೆ ನೇರವಾಗಿ ಪ್ರಿಂಟ್ ಮಾಡಿದೆ. ತಣ್ಣಗಾದ ಮೇಲೆ ಪ್ಲಾಸ್ಟಿಕ್ಕು ಹಪ್ಪಳದಂತೆ ಎದ್ದು ಬಂತು. ಅಂಟು ಬದಲಿಸಿದೆ. ಒಂದು ಅಂಟು ಹಿಡಿಯಿತು, ಆದರೆ ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ಇಡೀ ಚೌಕಟ್ಟು ಬಿಲ್ಲಿನಂತೆ ಬಾಗಿತು. ಪ್ಲಾಸ್ಟಿಕ್ಕು ಬಿಸಿಗೆ ಹಿಗ್ಗುತ್ತದೆ, ಮರ ತೇವಕ್ಕೆ ಹಿಗ್ಗುತ್ತದೆ. ಒಂದು ಹಿಗ್ಗುವಾಗ ಇನ್ನೊಂದು ಸುಮ್ಮನಿರುತ್ತದೆ. ಕಟ್ಟಿಹಾಕಿದರೆ ಎರಡೂ ಸೇರಿ ಸೊಟ್ಟಗಾಗುತ್ತವೆ.

"ಇವೆರಡಕ್ಕೂ ಜಾತಕ ಕೂಡಲ್ಲ ಮೇಡಂ," ಎಂದರು ಮೇಸ್ತ್ರಿ. "ಸುಮ್ನೆ ಬಿಟ್ಬಿಡಿ. ಇನ್ನೂ ನಾಕು ಮಂಚ ಬಾಕಿ ಇದೆ."

"ಜಾತಕ ನೋಡ್ದೇನೇ ಮಾಡ್ಸೋಣ ಮೇಸ್ತ್ರಿ."

"ಆಮೇಲೆ ಜಗಳ ಬಿಡ್ಸಕ್ಕೆ ನನ್ನ ಕರೀಬೇಡಿ ಮತ್ತೆ."

ದಾರಿ ಸಿಕ್ಕಿದ್ದು ಅಂಟನ್ನೇ ಬಿಟ್ಟಾಗ. ಮೂರು ತೆಳು ಹಾಳೆಗಳನ್ನು ಎಳೆ ಅಡ್ಡ ಉದ್ದ ಬರುವಂತೆ ಅಂಟಿಸಿ ಒಂದು ಹಲಗೆ ಮಾಡಿ, ಅದಕ್ಕೆ ಬೆರಳಗಲದ ಅಂತರದಲ್ಲಿ ಸಣ್ಣ ತೂತುಗಳನ್ನು ಕೊರೆದೆ. ಪ್ರಿಂಟರ್ ಅರ್ಧದಷ್ಟು ಪದರಗಳನ್ನು ಮುಗಿಸಿದಾಗ ನಿಲ್ಲಿಸಿ, ಹಲಗೆಯನ್ನು ಮೇಲಿಟ್ಟು, ಮತ್ತೆ ಓಡಿಸಿದೆ. ಮೇಲಿನ ಬಿಸಿ ಪ್ಲಾಸ್ಟಿಕ್ಕು ತೂತುಗಳ ಮೂಲಕ ಇಳಿದು ಕೆಳಗಿನದಕ್ಕೆ ಕರಗಿ ಸೇರಿತು. ಮರ ನಡುವೆ ಸೆರೆ. ತೂತು ಸ್ವಲ್ಪ ಸಡಿಲವಾದ್ದರಿಂದ ಹಿಗ್ಗುವುದಕ್ಕೂ ಜಾಗ. ಮೇಸ್ತ್ರಿ ಉಳಿಯ ಹಿಡಿಯಿಂದ ಹೊಡೆದು, ಕಾಲಲ್ಲಿ ತುಳಿದು, ಎರಡು ದಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು ನೋಡಿದರು. ಬಿಡಲಿಲ್ಲ.

"ಅಬ್ಬಾ, ಏಂ ಪಟ್ಟು ಪಟ್ಟಿಂದಿ," ಎಂದು ಆ ಹಿಡಿತ ಕಂಡು ತೆಲುಗಿನಲ್ಲಿ ಬೆರಗಾದರು. ಚೌಕಟ್ಟಿನ ಜೊತೆ ಅವರು ತೆಲುಗಾಡಿದರೆ ಅದು ಮೆಷಿನ್ನಿನ ಮಟ್ಟಕ್ಕೆ ಬಂತು ಎಂದೇ ಲೆಕ್ಕ.

ಎಂಬತ್ತು ಚೌಕಟ್ಟು ಮಾಡಿದೆವು. ಹಲಗೆ ಅಂಟಿಸಿ ಸಿದ್ಧ ಮಾಡುವುದು ಮೇಸ್ತ್ರಿಯ ಕೆಲಸ, ಅದನ್ನು ಪ್ಲಾಸ್ಟಿಕ್ಕಿನೊಳಗೆ ಕೂರಿಸುವುದು ನನ್ನದು. ಅಂಟಿನ ವಾಸನೆ ಹುಳುವಿಗೆ ಆಗುವುದಿಲ್ಲವೆಂದು ತಿಳಿದಿದ್ದರಿಂದ ಹದಿನೈದು ದಿನ ಗಾಳಿಗೆ ಹರವಿ, ದಿನವೂ ಮೂಗಿಟ್ಟು ನೋಡುತ್ತಿದ್ದೆ. ಬಿಸಿಲು, ನೀರು, ಭಾರ, ಎಲ್ಲದರಲ್ಲೂ ಪರೀಕ್ಷಿಸಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಒಂದೇ ಒಂದು ಹುಳುವನ್ನು ಬಿಟ್ಟು ನೋಡಿರಲಿಲ್ಲ.

ಚೌಕಟ್ಟು ತಲುಪಿದ ದಿನವೇ ಆ ಹೆಂಗಸು, ಹುಳದ ಮನೆಯ ಯಜಮಾನಿ, ಅವುಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿದರು. ಹಳೆಯ ರಟ್ಟಿನವನ್ನೆಲ್ಲ ಹಿತ್ತಲಲ್ಲಿ ಸುಟ್ಟರು. ರೋಗ ಉಳಿಯಬಾರದೆಂದು ಪ್ರತಿ ಮನೆಯಲ್ಲೂ ಮಾಡುವ ಕೆಲಸ ಅದು. ಅಂದರೆ ಆ ಬೆಳೆಗೆ ನನ್ನ ಎಂಬತ್ತು ಚೌಕಟ್ಟು ಬಿಟ್ಟರೆ ಅವರ ಹತ್ತಿರ ಬೇರೇನೂ ಇರಲಿಲ್ಲ.

ಹುಳು ಹಣ್ಣಾಯಿತೆಂದು ಫೋನು ಬಂದಾಗ ನಾನೂ ಮೇಸ್ತ್ರಿಯೂ ಬೆಳಿಗ್ಗೆಯೇ ಹೋದೆವು. ಹುಳದ ಮನೆಯ ಹೊಸ್ತಿಲಿಗೆ ಸುಣ್ಣ ಹಾಕಿತ್ತು. ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟೇ ಒಳಗೆ ಹೋಗಬೇಕು. ಯಜಮಾನಿ ಬಾಗಿಲಲ್ಲೇ ತಡೆದರು.

"ಸೆಂಟು ಗಿಂಟು ಹಾಕ್ಕೊಂಡಿಲ್ವಲ್ಲ ಮೇಡಂ?"

"ಇಲ್ಲ ಅಕ್ಕ."

"ಮನೇಲಿ ಸೊಳ್ಳೆ ಬತ್ತಿ ಹಚ್ಚಿದ್ರಾ?"

"ಇಲ್ಲ."

ಮೇಸ್ತ್ರಿಯ ಬಾಯಿ ನೋಡಿದರು. "ನೀನು ಹೊಗೆಸೊಪ್ಪು ಹಾಕ್ತೀಯ. ಹೊರಗೇ ಇರಪ್ಪ. ಆ ಕೈ ಒಳಗೆ ಬರಕೂಡದು."

"ಸರಿ ಕಣಮ್ಮ, ನಾನು ಇಲ್ಲೇ ಕಾವಲು," ಎಂದು ಮೇಸ್ತ್ರಿ ಜಗಲಿಯ ಮೇಲೆ ಕೂತರು.

ಕೊನೆಯದಾಗಿ ಯಜಮಾನಿ ಒಂದು ಚೌಕಟ್ಟನ್ನು ಬೆಳಕಿಗೆ ಹಿಡಿದು ಕೇಳಿದರು. "ಇದಕ್ಕೇನೂ ಬಳಿದಿಲ್ಲ ತಾನೇ? ಪಾಲಿಶ್ಶು, ವಾರ್ನಿಷ್ಷು?"

"ಏನೂ ಇಲ್ಲ ಅಕ್ಕ. ಬರೀ ಮರ, ಬರೀ ಪ್ಲಾಸ್ಟಿಕ್."

ಹಣ್ಣಾದ ಹುಳುಗಳನ್ನು ಆರಿಸಿ ಚೌಕಟ್ಟಿಗೆ ಬಿಡತೊಡಗಿದೆವು. ಮೈ ತಿಳಿಹಳದಿ, ಬೆಳಕು ಬಿದ್ದರೆ ಒಳಗೆಲ್ಲ ಕಾಣುವಂಥ ಹುಳು. ಅವು ಮೇಲೆ ಹತ್ತಿದವು. ಚೌಕಟ್ಟು ಮೆಲ್ಲಗೆ ತಿರುಗಿತು. ಒಂದೊಂದೇ ಮನೆಯೊಳಗೆ ಹೋಗಿ ತಲೆಯಾಡಿಸುತ್ತ ಮೊದಲ ಎಳೆ ಹಾಕಿದವು. ಯಜಮಾನಿ ನನ್ನ ಕಡೆ ನೋಡಿ ನಕ್ಕರು. ಅರ್ಧ ಬೆಳೆ ಚೌಕಟ್ಟು ಸೇರಿತು. ಇನ್ನರ್ಧ ಮಧ್ಯಾಹ್ನದೊಳಗೆ ಹಣ್ಣಾಗುವುದಿತ್ತು. ನಾನು ಹೊರಗೆ ಬಂದು ಮೇಸ್ತ್ರಿಗೆ, "ಕುಡೀತಾ ಇದೆ! ಮರ ಕುಡೀತಾ ಇದೆ!" ಎಂದು ಕೂಗಿ ಹೇಳಿದೆ. ಹುಳು ಬಿಟ್ಟ ನೀರು ಹಲಗೆಯಲ್ಲಿ ಇಂಗಿ ಮರ ಕಪ್ಪಾಗುತ್ತಿತ್ತು. ನಾನು ಬಯಸಿದ್ದು ಅದನ್ನೇ.

ಒಂದು ಗಂಟೆ ಹೊತ್ತು ಕಳೆದಿರಬಹುದು. ನೋಟ್‌ಬುಕ್ಕಿನಲ್ಲಿ ಹನ್ನೊಂದು ಎಂದಿದೆ, ಮೇಸ್ತ್ರಿ ಹತ್ತೂವರೆ ಎನ್ನುತ್ತಾರೆ. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಏನೋ ಬಿದ್ದ ಸದ್ದು. ಮತ್ತೊಂದು. ಆಮೇಲೆ ದಪ್ಪ ಹನಿ ಬಿದ್ದ ಹಾಗೆ ಬಿಡದೆ ಬೀಳತೊಡಗಿತು.

ಹುಳುಗಳು ಬೀಳುತ್ತಿದ್ದವು. ಚೌಕಟ್ಟಿನಲ್ಲಿ ಉಳಿದವು ಹಿಂಗಾಲಲ್ಲಿ ಹಿಡಿದು ಮುಂದಿನ ಅರ್ಧ ಮೈಯನ್ನು ಗಾಳಿಯಲ್ಲಿ ಒದ್ದಾಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಕೆಲವು ಚೌಕಟ್ಟನ್ನೇ ಬಿಟ್ಟು ತೂಗುಹಗ್ಗ ಹಿಡಿದು ಸೂರಿಗೆ ಹತ್ತಿ, ಅಲ್ಲಿಂದ ಗೋಡೆಗೆ ಇಳಿದು, ಸಿಕ್ಕ ಕಡೆ ನೂಲು ಚೆಲ್ಲುತ್ತಿದ್ದವು. ಸ್ವಿಚ್‌ಬೋರ್ಡಿನ ಮೇಲೆ, ಕ್ಯಾಲೆಂಡರಿನ ಅಂಚಿಗೆ, ನನ್ನ ಸೆರಗಿಗೆ. ಅಂಥ ಓಟವನ್ನು ಹುಳುವಿನಲ್ಲಿ ಕಂಡಿರಲಿಲ್ಲವೆಂದು ಯಜಮಾನಿಯ ಅತ್ತೆ ಆಮೇಲೆ ಹೇಳಿದರು. ಆಗ ಮಾತ್ರ ಅವರು ಬಾಗಿಲಲ್ಲಿ ನಿಂತು "ಅಯ್ಯೋ ತಲ್ಲಿ, ಅಯ್ಯೋ ತಲ್ಲಿ" ಎಂದು ತೆಲುಗಿನಲ್ಲಿ ತಾಯಿಯನ್ನು ಕರೆಯುತ್ತಿದ್ದರು.

ಅದನ್ನು ನೋಡುತ್ತಾ ನನ್ನ ಕೈ ಬ್ಯಾಗಿಗೆ ಹೋಯಿತು. ನೋಟ್‌ಬುಕ್ ತೆಗೆದೆ, ಗಂಟೆ ಬರೆದೆ. ಇದು ನೆನಪಲ್ಲ, ಆ ಪುಟದಲ್ಲಿ ಇದೆ.

"ಏನ್ ಬರೀತಿದೀಯಮ್ಮ?" ಯಜಮಾನಿ ಕೇಳಿದರು. ಅಲ್ಲಿಯವರೆಗೆ ನಾನು ಮೇಡಂ ಆಗಿದ್ದೆ. "ನನ್ ಹುಳ ಸಾಯೋದನ್ನ ಬರೀತಿದೀಯಾ?"

ನೋಟ್‌ಬುಕ್ಕನ್ನು ಬ್ಯಾಗಿಗೆ ತುರುಕಿದೆ.

ಅವರು ಸೀದಾ ಜಗಲಿಗೆ ಬಂದರು. "ಹೊಗೆಸೊಪ್ಪಿನ ಕೈಲಿ ಮುಟ್ಟಿದ್ಯೇನಯ್ಯ ಇವನ್ನ?"

ಮೇಸ್ತ್ರಿ ಎದ್ದು ನಿಂತರು. "ಇಲ್ಲಮ್ಮ. ಸೋಪು ಹಾಕಿ ತೊಳ್ಕೊಂಡೇ ಮುಟ್ತಿದ್ದೆ. ನನ್ ಮಕ್ಕಳಾಣೆ."

"ಮತ್ತೆ ಏನ್ ಹಾಕಿದೀರ? ಇದು ಔಷಧಿ ಏಟು. ಪಕ್ಕದ ತೋಟದಲ್ಲಿ ಔಷಧಿ ಹೊಡೆದಾಗ ಹಿಂಗೇ ಆಗೋದು. ಏನ್ ಔಷಧಿ?"

"ಅದೇ..." ಮೇಸ್ತ್ರಿ ನನ್ನ ಮುಖ ನೋಡಿದರು. "ಮಾಮೂಲಿ ಗೆದ್ದಲು ಔಷಧಿ. ಹಲಗೆಗೆ ಎರಡು ಕೋಟು."

ಗೆದ್ದಲು ಔಷಧಿ. ವಾಸನೆ ಇರದದ್ದು, ಮರದೊಳಗೆ ಇಳಿದು ಕೂರುವಂಥದ್ದು, ವರ್ಷಗಟ್ಟಲೆ ಉಳಿಯುತ್ತದೆಂದೇ ಹುಡುಕಿ ತರಿಸುವ ಔಷಧಿ. ಬ್ಲೀಚಿಂಗ್ ನೀರು ಮೇಲ್ಮೈಯನ್ನು ಮಾತ್ರ ತೊಳೆದಿತ್ತು. ಹುಳು ಬಿಟ್ಟ ನೀರು ಒಳಗಿಳಿದು, ಕೂತಿದ್ದ ಔಷಧಿಯನ್ನು ಮೇಲಕ್ಕೆ ತಂದಿತ್ತು. ಮರ ಕುಡಿಯುತ್ತಿದೆ ಎಂದು ನಾನು ಕುಣಿದ ಗಳಿಗೆಯಲ್ಲೇ.

"ಯಾರು ಹೇಳಿದ್ರು ಹಚ್ಚಕ್ಕೆ?" ಎಂದೆ.

"ನೀವೇ ಹೇಳಿದ್ದಲ್ವಾ ಮೇಡಂ?"

"ನಾನು ಹೇಳಿಲ್ಲ. ಹುಳು ಸಾಕೋ ಚೌಕಟ್ಟಿಗೆ ಗೆದ್ದಲು ಔಷಧಿ ಹಚ್ಚಿ ಅಂತ ಯಾರಾದ್ರೂ ಹೇಳ್ತಾರಾ? ನಿಮಗೆ ಬುದ್ಧಿ ಬೇಡ್ವಾ?"

ಮೇಸ್ತ್ರಿ ಯಜಮಾನಿಯ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತಮ್ಮ."

ಯಜಮಾನಿಗೆ ಅದಕ್ಕೆಲ್ಲ ಹೊತ್ತಿರಲಿಲ್ಲ. ಸೊಪ್ಪು ಹಾಕಿ ಸಾಕುವ ತಟ್ಟೆಯಲ್ಲಿದ್ದ ಇನ್ನರ್ಧ ಹುಳು ತಲೆ ಎತ್ತತೊಡಗಿತ್ತು. ಜಾಗ ಕೊಡದಿದ್ದರೆ ಅವೂ ನೂಲನ್ನು ಅಲ್ಲೇ ಚೆಲ್ಲಿಬಿಡುತ್ತವೆ. ನಾನು ಪ್ಲಾಸ್ಟಿಕ್ಕನ್ನು ಮರದಿಂದ ಬಿಡಿಸಿ, ತೊಳೆದು ಕೊಡೋಣವೆಂದು ಒಂದು ಚೌಕಟ್ಟನ್ನು ಕಾಲಿನ ಕೆಳಗಿಟ್ಟು ಎಳೆದೆ. ಮೇಸ್ತ್ರಿ ಉಳಿ ತೂರಿಸಿದರು. ಬರಲಿಲ್ಲ. ಮೂರು ತಿಂಗಳು ಹಿಡಿಯಲಿ ಎಂದು ಬೇಡಿಕೊಂಡದ್ದು ಈಗ ಬಿಡಲೊಲ್ಲದು.

ಪಕ್ಕದ ಮನೆಯವರು ಶ್ರೀನಿವಾಸಪುರ ರಸ್ತೆಯ ತೋಪಿನಿಂದ ಒಣಗಿದ ಮಾವಿನ ಕೊಂಬೆ ತರಲೇ ಎಂದರು.

"ಮಾವಿಗೂ ಔಷಧಿ ಹೊಡ್ದಿರ್ತಾರೆ. ಬೇಡ," ಎಂದರು ಯಜಮಾನಿ. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದರು. "ಮೇಲೆ ಹತ್ತಿರೋದನ್ನ ಯಾರೂ ವಾಪಸ್ ತಟ್ಟೆಗೆ ಹಾಕ್ಬೇಡಿ. ಬದುಕಿರೋದೂ ಬೇಡ. ಅದು ಮುಟ್ಟಿದ್ರೆ ಇದೂ ಹೋಗುತ್ತೆ. ಎಲ್ಲ ಗುಂಡಿಗೆ. ತಟ್ಟೇಲಿರೋದಕ್ಕೆ ಬಿದಿರು ಚಂದ್ರಿಕೆ ತನ್ನಿ, ಎಷ್ಟ್ ಸಿಕ್ಕಿದ್ರೆ ಅಷ್ಟು."

ಅರ್ಧವನ್ನು ಹೂಳಿ ಅರ್ಧವನ್ನು ಉಳಿಸುವ ತೀರ್ಮಾನ. ಅಷ್ಟರಲ್ಲಿ ನಾಲ್ಕಾರು ಹುಳು ಗೂಡಿನ ತೆಳು ಪರದೆ ಕಟ್ಟಿದ್ದವು. ಅವನ್ನಾದರೂ ಬಿಡಬಹುದೇನೋ ಎಂದೆ. "ಬೇಡ ಅಂದ್ನಲ್ಲ," ಎಂದರು.

ಬೆಳೆಯ ನಡುವೆ ಚಂದ್ರಿಕೆಯನ್ನು ಮನೆಯಿಂದ ಮನೆಗೆ ಕೊಡುವುದಿಲ್ಲ, ರೋಗ ದಾಟುತ್ತದೆ. ಆದರೂ ಆ ಬೀದಿಯ ಮನೆಗಳಿಂದ ಹೆಂಗಸರು ಚಂದ್ರಿಕೆಗಳನ್ನು ತಲೆಯ ಮೇಲೆ ಹೊತ್ತು ತಂದರು. ಅವರಲ್ಲಿ ಒಬ್ಬರ ಹುಳು ನಾಲ್ಕು ದಿನದಲ್ಲಿ ಹಣ್ಣಾಗುವುದಿತ್ತು. ಅದ್ದಿ ಒಣಗಿಸಲು ಸಮಯವಿಲ್ಲದೆ ಹಿತ್ತಲಲ್ಲಿ ಹುಲ್ಲಿಗೆ ಬೆಂಕಿ ಹಾಕಿ, ಒಂದೊಂದನ್ನೂ ಉರಿಯ ಮೇಲೆ ಸರ್ರನೆ ಹಾಯಿಸಿ ಒಳಗೆ ಕೊಟ್ಟರು. ನಾನು ಒಂದನ್ನು ಹಿಡಿಯಲು ಹೋದೆ.

"ನೀನು ಮುಟ್ಬೇಡ. ನಿನ್ ಕೈ ಎಲ್ಲ ಅದೇ ಮರ."

ಹೀಗೆ ಔಷಧಿಯ ಕೈಯವಳು ಹೊಗೆಸೊಪ್ಪಿನ ಕೈಯವರ ಪಕ್ಕ ಬೇಲಿಯಾಚೆ ಉಳಿದೆ. ನಾವಿಬ್ಬರೂ ಗುಂಡಿ ತೋಡಿದೆವು. ಬುಟ್ಟಿಗಳು ಬರುತ್ತಲೇ ಇದ್ದವು. ಕೆಲವು ಇನ್ನೂ ಅಲ್ಲಾಡುತ್ತಿದ್ದವು.

ಸಂಜೆ ಕೋಲಾರ ದಾಟಿ ಮಾಲೂರಿಗೆ ಬರುವವರೆಗೆ ಟೆಂಪೋದಲ್ಲಿ ಹಿಂದೆ ಚೌಕಟ್ಟುಗಳು ಗಡಗಡ ಅನ್ನುತ್ತಲೇ ಇದ್ದವು. ವರ್ಕ್‌ಶಾಪಿಗೆ ಬಂದವಳೇ ನನ್ನ ಪ್ರಯೋಗದ ನೋಟ್‌ಬುಕ್ ತೆರೆದು ಮೊದಲ ಪುಟದಿಂದ ಓದಿದೆ. ತೂತಿನ ಅಳತೆ, ಪದರದ ದಪ್ಪ, ಬಿಸಿ, ಸಮಯ, ಎಲ್ಲ ಇತ್ತು. ಔಷಧಿಯ ಸುದ್ದಿ ಎಲ್ಲೂ ಇಲ್ಲ. "ನೋಡಿ ಮೇಸ್ತ್ರಿ," ಎಂದು ಪುಟಗಳನ್ನು ಅವರ ಮುಂದೆ ಹಿಡಿದೆ.

ಅವರು ಓದಲಿಲ್ಲ. ಪ್ರೆಸ್ಸಿನ ಪಕ್ಕದ ಮೊಳೆಗೆ ತೂಗುಹಾಕಿದ್ದ ಕೆಲಸದ ಪುಸ್ತಕ ತೆಗೆದು ನನ್ನ ಮುಂದಿಟ್ಟು, ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದರು. ಅವರಿಗೆ ನಾನು ದಿನದ ಕೆಲಸ ಬರೆದಿಡುವ ಪುಸ್ತಕ ಅದು. ಮಂಚಗಳ ನಡುವೆ ಒಂದು ಸಾಲು.

"ಚಂದ್ರಿಕೆ ಹಲಗೆ, ಎಂಬತ್ತು. ಮೂರು ಪದರ. ಅಂಚು ಉಜ್ಜುವುದು. ಗೆದ್ದಲು ಔಷಧಿ ಎರಡು ಕೋಟು, ಮರೆಯಬಾರದು."

ನನ್ನ ಕೈಬರಹ. ಎರಡು ಎಂಬುದರ ಕೆಳಗೆ ಗೆರೆ ಬೇರೆ. ಅದನ್ನು ಬರೆದ ನೆನಪು ನನಗೆ ಇವತ್ತಿಗೂ ಇಲ್ಲ. ಕೂತ ಸ್ಟೂಲು, ಹಿಡಿದ ಪೆನ್ನು, ಏನೂ ಬರುವುದಿಲ್ಲ. ಹೊಸದಾಗಿ ಯೋಚಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಎಚ್ಚರದಿಂದ ಬರೆದಿದ್ದೆ. ಯೋಚಿಸದೆ ಮಾಡಿದ್ದು ಇನ್ನೊಂದರಲ್ಲಿ ಇತ್ತು. ಮೇಸ್ತ್ರಿಗೆ ಅದು ಬೆಳಿಗ್ಗೆಯೇ ಗೊತ್ತಿತ್ತು.

"ಅಲ್ಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಹುಳ ಎದ್ದು ಬರ್ತಿತ್ತಾ ಮೇಡಂ?" ಮುಖ ಒರೆಸಿಕೊಂಡರು. "ನಾನಾದ್ರೂ ಕೇಳ್ಬೇಕಿತ್ತು. ಇಷ್ಟು ವರ್ಷದಿಂದ ಹಚ್ತಾ ಇದೀನಿ, ಕೈ ತಾನಾಗೇ ಹೋಯ್ತು."

ಗೂಡು ಬಿಡಿಸುವ ದಿನ ಇಬ್ಬರೂ ಮತ್ತೆ ಆ ಹಳ್ಳಿಗೆ ಹೋದೆವು. ನಷ್ಟದ ಮಾತನ್ನು ಮುಗಿಸಿದೆವು, ಅದನ್ನಿಲ್ಲಿ ಬೆಳೆಸುವುದಿಲ್ಲ. ಬಿದಿರಿನ ಚಂದ್ರಿಕೆಗಳಲ್ಲಿ ಉಳಿದರ್ಧ ಬೆಳೆ ಬೆಳ್ಳಗೆ ಕಟ್ಟಿತ್ತು. ನಾನು ಕೆಲಸದ ಪುಸ್ತಕ ತೆರೆದು, ಆ ಸಾಲನ್ನು ಯಜಮಾನಿಗೆ ಜೋರಾಗಿ ಓದಿ ಹೇಳಿ, "ಬರೆದದ್ದು ನಾನು. ಮೇಸ್ತ್ರಿದಲ್ಲ" ಎಂದೆ.

ಗೂಡು ಬಿಡಿಸುತ್ತಿದ್ದ ಕೈ ನಿಲ್ಲಲಿಲ್ಲ. "ಅವತ್ತು ಇವನ ಮೇಲೆ ಹಾಕಿದ್ಯಲ್ಲಮ್ಮ."

"ಹೌದು ಅಕ್ಕ."

"ಮುಂದಿನ ಬೆಳೇಲಿ ಹತ್ತು ಹುಳ ಕೊಡ್ತೀನಿ, ತಗೊಂಡೋಗು. ನಿನ್ ಅಂಗಡೀಲಿ ಬಿಟ್ ನೋಡು. ಅವು ಕಟ್ಟಿದ್ರೆ ಆಮೇಲೆ ನಮ್ಮನೆ ಬಾಗ್ಲಿಗೆ ಬಾ."

ತಿಂಗಳು ಕಳೆದ ಮೇಲೆ ಹೇಳಿದಂತೆ ಫೋನು ಮಾಡಿದರು. ಹೊಸ ಹಾಳೆ, ಹೊಸ ಅಂಟು, ತೊಳೆದ ಪ್ರೆಸ್ಸಿನಲ್ಲಿ ಒಂದೇ ಒಂದು ಚೌಕಟ್ಟು ಮಾಡಿಟ್ಟಿದ್ದೆವು. ಹತ್ತು ಹಣ್ಣು ಹುಳು ಪುಟ್ಟ ಬುಟ್ಟಿಯಲ್ಲಿ ಮಾಲೂರಿಗೆ ಬಂದವು.

ಬುಟ್ಟಿ ಹಿಡಿದು ಮೇಸ್ತ್ರಿ ಬಾಗಿಲಲ್ಲೇ ನಿಂತರು. "ಎಲ್ಲಿ ಇಡ್ಲಿ ಮೇಡಂ?"

ಬೆಂಚು ತೋರಿಸಲು ಎತ್ತಿದ ಕೈ ಅಲ್ಲೇ ನಿಂತಿತು. ಬೆಂಚು, ರ‍್ಯಾಕು, ಸ್ಟೂಲು, ಬಾಗಿಲ ಚೌಕಟ್ಟು. ನನ್ನದೇ ನಿಯಮ, ಎಲ್ಲಕ್ಕೂ ಎರಡು ಕೋಟು. ಆ ಕಟ್ಟಡದೊಳಗೆ ಹತ್ತು ಹುಳುವನ್ನು ಇಡಲು ಒಂದು ಗೇಣು ಜಾಗವಿರಲಿಲ್ಲ. ಹನ್ನೆರಡು ವರ್ಷ ನಾನು ಊಟದ ಡಬ್ಬಿ ಇಟ್ಟುಕೊಂಡು ಉಂಡಿದ್ದು ಅದೇ ಬೆಂಚಿನ ಮೇಲೆ.

ಹೊರಗೆ ಹೊಂಗೆ ಮರದ ಕೆಳಗೆ ಶಿವಾರಪಟ್ಟಣದಿಂದ ಬಂದ ಒಂದು ಕಲ್ಲಿದೆ. ಕೆತ್ತುವಾಗ ಬಿರುಕು ಬಿಟ್ಟಿದ್ದಕ್ಕೆ ಶಿಲ್ಪಿ ಎಸೆದದ್ದು. ಮೇಸ್ತ್ರಿ ಐದು ಕೊಡ ನೀರು ಸುರಿದು ಅದನ್ನು ತೊಳೆದು, ಒಣಗಿಸಿ, ಚೌಕಟ್ಟನ್ನು ಅದರ ಮೇಲೆ ನಿಲ್ಲಿಸಿದರು. ಅವತ್ತು ಬೆಳಗಿನಿಂದ ಅವರು ಹೊಗೆಸೊಪ್ಪು ಮುಟ್ಟಿರಲಿಲ್ಲ. ಹುಳುಗಳು ಹತ್ತಿದವು. ನೀರು ಬಿಟ್ಟವು. ಮರ ಕಪ್ಪಾಯಿತು. ನಾವಿಬ್ಬರೂ ಅದರ ಎದುರೇ ಕೂತೆವು.

ಮಾರನೆಯ ದಿನ ಮಧ್ಯಾಹ್ನಕ್ಕೆ ಒಂಬತ್ತು ನೂಲಿನ ಹಿಂದೆ ಮರೆಯಾಗಿದ್ದವು. ಹತ್ತನೆಯದು ಮನೆಯ ಅಂಚಿನಲ್ಲಿ ಕೂತು ತಲೆ ಎತ್ತಿ ಆಡಿಸುತ್ತಿತ್ತು. ಜಾಗ ಹುಡುಕುವ ಹುಳುವೂ ಹಾಗೆ ಆಡಿಸುತ್ತದೆ, ಆ ದಿನ ಬಿದ್ದವೂ ಹಾಗೇ ಆಡಿಸಿದ್ದವು.

"ಬರ್ಕೊಳ್ಳಿ ಮೇಡಂ," ಎಂದರು ಮೇಸ್ತ್ರಿ.

ನಾನು ಕೆಲಸದ ಪುಸ್ತಕವನ್ನೂ ಪೆನ್ನನ್ನೂ ಅವರ ಕೈಗೆ ಕೊಟ್ಟೆ. ಅವರು ಕನ್ನಡ ಓದಬಲ್ಲರು, ಬರೆಯುವುದು ಮಾತ್ರ ತೆಲುಗು ಅಕ್ಷರದಲ್ಲಿ. ನಿಧಾನವಾಗಿ ಬರೆದರು. ಕನ್ನಡದ ಹಾಗೇ ಕಂಡರೂ ನನಗೆ ಆ ಲಿಪಿ ಓದಲು ಬರುವುದಿಲ್ಲ, ಓದಿ ಹೇಳಿ ಎಂದೆ.

"ಹತ್ತು ಹುಳ. ಔಷಧಿ ಇಲ್ಲ. ಒಂಬತ್ತು ಗೂಡು," ಎಂದು ಓದಿ, ಕಲ್ಲಿನ ಕಡೆ ಒಮ್ಮೆ ತಿರುಗಿ ನೋಡಿದರು. "ಒಂದು ಇನ್ನೂ ನೋಡ್ತಾ ಇದೆ."